ದ್ರಾಕ್ಷಿ ಕಂಬದ ಕೆಂಪು ಬಟ್ಟೆ

ಬೆಳ್ಳುಳ್ಳಿ ಜಜ್ಜುವ ವಾಸನೆ ಬಂದರೆ ನಾನು ಈಗಲೂ ಎದ್ದು ಹೋಗಿ ಕಿಟಕಿ ತೆರೆಯುತ್ತೇನೆ. ಚಿಕ್ಕೋಡಿಯಲ್ಲಿ ನಾನಿರುವ ಬಾಡಿಗೆ ಮನೆಯ ಪಕ್ಕದ ಅಕ್ಕನವರಿಗೆ ಇದೊಂದು ದೊಡ್ಡ ತಮಾಷೆ. ಬೆಳ್ಳುಳ್ಳಿ ಹಾಕದೆ ಶೇಂಗಾ ಚಟ್ನಿ ಕುಟ್ಟುವ ಮನೆಯನ್ನು ಅವರು ಈ ಸೀಮೆಯಲ್ಲಿ ಕಂಡಿದ್ದೇ ಇಲ್ಲವಂತೆ. "ಟೀಚರ, ನಿಮ್ಮನಿ ದೇವರಿಗೆ ಬಳ್ಳೊಳ್ಳಿ ಆಗಂಗಿಲ್ಲೇನ್ರಿ?" ಎಂದು ಕೇಳಿ ನಗುತ್ತಾರೆ. ನಾನೂ ನಗುತ್ತೇನೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು ಒಂದು ವಾಸನೆಗೆ ಹೆದರುತ್ತಾಳೆ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಹೋದ ವಾರ ಎಳ್ಳಮಾವಾಸ್ಯೆಗೆ ಊರಿಗೆ ಹೋಗಿದ್ದೆ. ಅಲ್ಲಿ ಅಪ್ಪ ಒಂದು ಮಾತು ಹೇಳಿದ. ಹನ್ನೆರಡು ವರ್ಷದ ಹಿಂದಿನ ಒಂದು ಚಳಿಗಾಲವನ್ನು ನಾನು ಒಂದು ರೀತಿಯಲ್ಲಿ ಮಡಿಸಿ ಇಟ್ಟುಕೊಂಡಿದ್ದೆ. ಅಪ್ಪನ ಮಾತಿನಿಂದ ಅದು ಪೂರ್ತಿ ಬಿಚ್ಚಿಕೊಂಡಿದೆ. ಮತ್ತೆ ಮೊದಲಿನಿಂದ ನೋಡದೆ ಗತಿಯಿಲ್ಲ.

ಆ ವರ್ಷ ನನಗೆ ಹದಿನಾರು. ಅಥಣಿಯಲ್ಲಿ ಪಿಯುಸಿ ಮೊದಲನೇ ವರ್ಷ, ಬೆಳಿಗ್ಗೆ ಬಸ್ಸಿಗೆ ಹೋಗಿ ಮಧ್ಯಾಹ್ನ ಬಸ್ಸಿಗೆ ಬರುವುದು. ನಮ್ಮೂರು ತೆಲಸಂಗದ ಕಡೆಗೆ. ಕೆಳಗಿನ ಹೊಲಗಳಿಗೆ ಕಾಲುವೆ ನೀರು ಬಂದ ಮೇಲೆ ಅಲ್ಲಿ ಕಬ್ಬು ಬಂತು. ಮೇಲಿನ ಮಡ್ಡಿ ನೆಲದಲ್ಲಿ ನಮ್ಮಂಥವರ ದ್ರಾಕ್ಷಿ. ಅಪ್ಪನದು ಎರಡೂವರೆ ಎಕರೆ ದ್ರಾಕ್ಷಿ ಪಡ, ಎಂದರೆ ತೋಟ. ಮಕ್ಕಳ ಹುಟ್ಟಿದ ದಿನ ಮರೆತಾನು, ಯಾವ ಸಾಲಿಗೆ ಯಾವ ಔಷಧ ಯಾವ ದಿನ ಹೊಡೆದೆ ಎಂಬುದನ್ನು ಅಪ್ಪ ಮರೆಯುತ್ತಿರಲಿಲ್ಲ.

ಕಾಲೇಜಿನಲ್ಲಿ ಒಂದು ದಿನ ರಕ್ತ ತಪಾಸಣೆ ಮಾಡಿದರು. ಎರಡು ಹೊತ್ತು ಹಾಲು ಮೊಸರು ಉಂಡು ಬೆಳೆದ ನನಗೇ ರಕ್ತ ಕಡಿಮೆ ಎಂದು ಬರೆದುಕೊಟ್ಟರು. ಅಂದಿನಿಂದ ಕಬ್ಬಿಣದ ಅಂಶ ಎನ್ನುವುದು ನನ್ನ ತಲೆಯಲ್ಲಿ ಹೊಕ್ಕು ಕುಳಿತಿತು. ಮನೆಯಲ್ಲಿ ಯಾರು ತಟ್ಟೆಯ ಮುಂದೆ ಕುಳಿತರೂ ಪಾಠ ಶುರು ಮಾಡುತ್ತಿದ್ದೆ. ಅವ್ವ ಬೇಸತ್ತು, ಇಷ್ಟು ತಿಳಿದಿದ್ದರೆ ಊರಿಗೆ ಹೋಗಿ ಹೇಳು, ನನ್ನನ್ನು ಬಿಡು ಎಂದಳು. ಅವಳು ಅಂದದ್ದು ಚೇಷ್ಟೆಗೆ. ನಾನು ನಿಜವಾಗಿಯೂ ಊರಿಗೆ ಹೊರಟೆ.

ಮೊದಲು ಹಣಮಪ್ಪನ ಗುಡಿಯ ಕಟ್ಟೆಯ ಮೇಲೆ ಒಂದು ಬುಟ್ಟಿ ಇಟ್ಟೆ. ಹೆಚ್ಚಾದ ಕಾಯಿಪಲ್ಲೆ ಹಾಕಿ, ಬೇಕಾದವರು ಒಯ್ಯಲಿ ಎಂದು ಬರೆದೆ. ಮೂರು ದಿನ ಚೆನ್ನಾಗಿ ನಡೆಯಿತು. ನಾಲ್ಕನೆಯ ದಿನದಿಂದ ಜನ ತಿಪ್ಪೆಗೆ ಹಾಕುವುದನ್ನು ಬುಟ್ಟಿಗೆ ಹಾಕತೊಡಗಿದರು. ಹಳದಿ ಮೆಂತ್ಯ, ಹುಳುಕು ಬದನೆ. ಆಮೇಲೆ ಅಂಗನವಾಡಿಯ ಹಿಂದೆ ಪಾಲಕ್ ಮಡಿ ಮಾಡಿದೆ. ಅದನ್ನು ಮೇಕೆಗಳು ತಿಂದವು. ನನ್ನ ಯೋಜನೆಯಿಂದ ಊರಿನಲ್ಲಿ ರಕ್ತ ಹೆಚ್ಚಾದದ್ದು ಮೇಕೆಗಳಿಗೆ ಮಾತ್ರ ಎಂದು ಚಿಕ್ಕಪ್ಪ ಎಲ್ಲರೆದುರು ಹೇಳಿ ನಗಿಸಿದ. ನನಗೆ ಅಳು ಬಂದಿತ್ತು.

ದೀಪಾವಳಿ ಮುಗಿದ ಮೇಲೆ ಕಬ್ಬು ಕಡಿಯುವ ಗ್ಯಾಂಗು ಬಂತು. ಬೀಡ ಕಡೆಯ ಮರಾಠಿ ಜನ. ನಮ್ಮ ಪಡದ ಪಕ್ಕದ ಬಯಲಿನಲ್ಲಿ ಕಬ್ಬಿನ ಒಣಗರಿಯ ರವದಿ, ತಾಡಪತ್ರಿ ಕಟ್ಟಿ ಹತ್ತು ಹನ್ನೆರಡು ಗುಡಿಸಲು ಹಾಕಿದರು. ಅವರಲ್ಲಿ ಮಂಗಲ ಎಂಬವಳು ನೀರಿಗೆ ನಮ್ಮ ಬಾವಿಗೆ ಬರುತ್ತಿದ್ದಳು. ನನಗಿಂತ ಐದಾರು ವರ್ಷ ದೊಡ್ಡವಳಿದ್ದಾಳು. ಅವಳ ಸೀರೆಯ ಸೆರಗು ಹಿಡಿದು ನಾಲ್ಕು ವರ್ಷದ ಮಗಳು, ಸೋನಿ. ಸೋನಿಯ ಕೂದಲು ಕೆಂಚಗಾಗಿತ್ತು, ಉಗುರು ಬಿಳಚಿಕೊಂಡಿದ್ದವು. ಅವಳು ಮಣ್ಣು ತಿನ್ನುತ್ತಿದ್ದಳು. ಕದ್ದು ಅಲ್ಲ, ಎಲ್ಲರೆದುರೇ, ಬಾವಿಯ ಕಟ್ಟೆಯಿಂದ ಒಂದೊಂದೇ ಹೆಂಟೆ ಮುರಿದು, ಬಿಸ್ಕಿಟು ತಿಂದ ಹಾಗೆ. ರಕ್ತ ಇಲ್ಲದ ಮಕ್ಕಳು ಹಾಗೆ ಮಾಡುತ್ತಾರೆ ಎಂದು ನಾನು ಓದಿದ್ದೆ. ಬುಟ್ಟಿ ಹೋಯಿತು, ಪಾಲಕ್ ಹೋಯಿತು, ಈ ಒಂದು ಹುಡುಗಿ ಮಣ್ಣು ತಿನ್ನುವುದನ್ನು ಬಿಡಿಸಿದರೆ ಸಾಕು ಎಂದು ನಾನು ಹಟ ಹಿಡಿದೆ.

ಅವರ ಊಟವೆಂದರೆ ರೊಟ್ಟಿ, ಖಾರ, ಚಹಾ. ಹಸಿರು ಎನ್ನುವುದು ತಟ್ಟೆಯಲ್ಲಿ ಇರಲೇ ಇಲ್ಲ. ಇತ್ತ ನಮ್ಮ ಪಡದಲ್ಲಿ ಬಳ್ಳಿಯ ಬುಡಕ್ಕೆ ಹನಿ ನೀರು ಬೀಳುವಲ್ಲೆಲ್ಲ ಹತ್ತರಕಿ ದಟ್ಟವಾಗಿ ಬೆಳೆದಿತ್ತು. ಚಳಿಗಾಲದಲ್ಲಿ ತಾನೇ ಹುಟ್ಟುವ ಪಲ್ಲೆ ಅದು. ನಾವು ರೊಟ್ಟಿಯ ಜೊತೆ ಹಸಿಯಾಗಿಯೇ ತಿನ್ನುವುದು. ನಮಗೆ ಸಾಕಾಗಿ ಮಿಕ್ಕಿದ್ದನ್ನು ಆಳುಗಳು ಕಸವೆಂದು ಕಿತ್ತೆಸೆಯುತ್ತಿದ್ದರು. ಗುಡಿಸಲಿನವರು ಕಿತ್ತುಕೊಂಡು ಹೋಗಲಿ ಎಂದು ಅಪ್ಪನನ್ನು ಕೇಳಿದೆ.

"ಕೀಳ್ಲಿ ಬಿಡು, ಕಸಾ ತಗದಂಗೂ ಆಗ್ತೈತಿ," ಎಂದ. ಎರಡು ಹೆಜ್ಜೆ ಹೋದವನು ತಿರುಗಿ, "ಬಟ್ಟಿ ಕಟ್ಟಿದ್ದ ಸಾಲಿಗೆ ಹೋಗಬ್ಯಾಡ್ರಿ ಅಂತ ಮೊದಲ ಹೇಳು," ಎಂದ. ಹೇಳುತ್ತೇನೆ ಎಂದೆ.

ಬಟ್ಟೆ ಎಂದರೆ ನಮ್ಮ ಆಯಿಯ, ಅಜ್ಜಿಯ, ಹಳೆಯ ಕೆಂಪು ಸೀರೆಯ ತುಂಡುಗಳು. ಯಾವ ಸಾಲುಗಳಿಗೆ ಔಷಧ ಹೊಡೆದಿದೆಯೋ ಅದರ ಮೂಲೆಯ ಕಲ್ಲುಕಂಬಕ್ಕೆ ಅಪ್ಪ ಒಂದು ತುಂಡು ಕಟ್ಟುತ್ತಿದ್ದ. ಅದನ್ನು ಬಿಚ್ಚುವವರೆಗೆ ಮನೆಯ ಯಾರೂ ಆ ಕಡೆಯ ಪಲ್ಲೆಗೆ ಕೈ ಹಚ್ಚುತ್ತಿರಲಿಲ್ಲ. ನಾನು ನಡೆಯಲು ಕಲಿತದ್ದು ಆ ಬಟ್ಟೆಗಳ ನಡುವೆ. ಒಲೆ ಸುಡುತ್ತದೆ ಎಂದು ಹೇಗೆ ಯಾರೂ ಬೇರೆಯಾಗಿ ಹೇಳಿಕೊಡುವುದಿಲ್ಲವೋ, ನಮ್ಮ ಮನೆಯಲ್ಲಿ ಕೆಂಪು ಬಟ್ಟೆಯನ್ನೂ ಯಾರೂ ಹೇಳಿಕೊಟ್ಟಿರಲಿಲ್ಲ.

ಮಂಗಲಳಿಗೆ ನಾನು ಏನೆಲ್ಲ ಹೇಳಿದೆ. ಕಬ್ಬಿಣದ ಅಂಶ ಹೇಳಿದೆ, ಅದರ ಜೊತೆ ಲಿಂಬೆ ಹಿಂಡಬೇಕು ಎಂದು ಹೇಳಿದೆ, ಊಟದ ಜೊತೆ ಚಹಾ ಕುಡಿಯಬಾರದು ಎಂದೆ. ಅವರ ಪೈಕಿ ಸೊಪ್ಪನ್ನು ಕುದಿಸಿ ತಿನ್ನುವ ರೂಢಿ. ಕುದಿಸಿದರೆ ಸತ್ವ ಹೋಗುತ್ತದೆ, ಹಸಿಯಾಗಿಯೇ ತಿನ್ನಿ ಎಂದು ಪಟ್ಟು ಹಿಡಿದು ಅದನ್ನೂ ಬಿಡಿಸಿದೆ. ಬೆಳ್ಳುಳ್ಳಿ ಖಾರ, ಶೇಂಗಾ ಪುಡಿ, ಎಣ್ಣೆ ಹಾಕಿ ಹತ್ತರಕಿ ಪಚಡಿ ಮಾಡುವುದನ್ನು ನಾನೇ ಅವರ ಗುಡಿಸಲಿನಲ್ಲಿ ಕುಳಿತು ತೋರಿಸಿಕೊಟ್ಟೆ. ಮರಾಠಿಯಲ್ಲಿ ಒಂದು ಚಾರ್ಟು ಬರೆದು ತಾಡಪತ್ರಿಗೆ ಅಂಟಿಸಿದೆ. ಅದರಲ್ಲಿ ಎಂಟು ಸಾಲುಗಳಿದ್ದವು. ಬಟ್ಟೆಯ ಮಾತು ಅದರಲ್ಲಿ ಇರಲಿಲ್ಲ. ಮುಚ್ಚಿಟ್ಟದ್ದಲ್ಲ, ನೆನಪೇ ಆಗಲಿಲ್ಲ.

ತಿಂಗಳೊಪ್ಪತ್ತಿನಲ್ಲಿ ಸೋನಿ ಮಣ್ಣು ತಿನ್ನುವುದನ್ನು ಬಿಟ್ಟಳು. ಇದು ನಿಜ, ನಾನು ಉಬ್ಬಿಸಿ ಹೇಳುತ್ತಿಲ್ಲ. ಬಾವಿಯ ಕಟ್ಟೆಯ ಮೇಲೆ ಕುಳಿತು ಹತ್ತರಕಿ ಎಲೆಯನ್ನು ಒಂದೊಂದಾಗಿ ಮೇಯುತ್ತಿದ್ದಳು. ನನ್ನನ್ನು ಕಂಡರೆ ಹಸಿರಾದ ನಾಲಿಗೆ ಹೊರಚಾಚಿ ತೋರಿಸುತ್ತಿದ್ದಳು. ಬೇರೆ ಇಬ್ಬರು ತೋಟದವರೂ ತಮ್ಮ ಪಡಕ್ಕೆ ಬಂದು ಕೀಳಲು ಒಪ್ಪಿದರು. ನಮ್ಮ ಕಾಲೇಜಿನ ಉಪನ್ಯಾಸಕರು ಒಬ್ಬ ವರದಿಗಾರನನ್ನು ಕರೆತಂದರು. ಪಲ್ಲೆಯ ಸೂಡು ಹಿಡಿದ ಸೋನಿ, ಅವಳ ಹೆಗಲ ಮೇಲೆ ಕೈಯಿಟ್ಟ ನಾನು. ಪತ್ರಿಕೆಯಲ್ಲಿ ಫೋಟೋ ಬಂತು. ಅಪ್ಪ ಅದಕ್ಕೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ. ಮೇಕೆಯ ಮಾತು ಆಡಿದ್ದ ಚಿಕ್ಕಪ್ಪ ಸುಮ್ಮನಾದ. ಆ ಹದಿನೈದು ದಿನ ನಾನು ನೆಲದ ಮೇಲೆ ನಡೆಯಲಿಲ್ಲ.

ಎಳ್ಳಮಾವಾಸ್ಯೆಯ ಹಿಂದಿನ ದಿನ ಅಪ್ಪ ಮೂಡಲ ಕಡೆಯ ಆರು ಸಾಲುಗಳಿಗೆ ಔಷಧ ಹೊಡೆದ. ಕಾಯಿಗೆ ಬಿಳಿ ಹುಳ ಬಿದ್ದಿತ್ತು, ಹಬ್ಬ ನೋಡುತ್ತ ಕೂಡ್ರುವಂತಿರಲಿಲ್ಲ. ಮೂಲೆಯ ಕಂಬಕ್ಕೆ ಬಟ್ಟೆ ಕಟ್ಟಿದ. ಮರುದಿನ ನಾವೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋದೆವು. ಐದು ಕಲ್ಲು ಇಟ್ಟು, ಅರಿಸಿನ ಕುಂಕುಮ ಹಚ್ಚಿ, ಬಟ್ಟೆ ಉಡಿಸಿ ಪೂಜೆ ಮಾಡಿದೆವು. ಅಪ್ಪ ಭೂತಾಯಿಗೆಂದು ಹೊಲದ ಸುತ್ತ ಎಡೆಯ ಚರಗ ಚೆಲ್ಲಿ ಬಂದ. ಸಜ್ಜೆ ರೊಟ್ಟಿ, ಕಡಬು, ಪುಂಡಿ ಪಲ್ಲೆ, ಉಂಡಷ್ಟೂ ಇತ್ತು.

ಉಂಡ ಮೇಲೆ ಒಂದು ತಾಟಿನಲ್ಲಿ ಕಡಬು ಇಟ್ಟುಕೊಂಡು ಮಂಗಲಳ ಗುಡಿಸಲಿಗೆ ಹೋದೆ. ಗಂಡ ಕಬ್ಬಿಗೆ ಹೋಗಿದ್ದ. ಅವಳು ಬೆಳಿಗ್ಗೆಯೇ ಕಿತ್ತು ತಂದಿದ್ದ ಹತ್ತರಕಿಯನ್ನು ಹೆಚ್ಚಿ ಪಚಡಿ ಕಲಸಿ ಸೋನಿಗೆ ಉಣಿಸುತ್ತಿದ್ದಳು. ಗಂಡ ಬಂದ ಮೇಲೆ ತಾನು ಉಣ್ಣುವುದಾಗಿ ಹೇಳಿ, ಒಂದು ತುತ್ತು ನನ್ನ ಬಾಯಿಯ ಹತ್ತಿರ ಹಿಡಿದಳು. ಹೊಟ್ಟೆ ತುಂಬಿದೆ, ಒಲ್ಲೆ ಎಂದು ಮುಖ ತಿರುಗಿಸಿದೆ. ಔಷಧದ ವಾಸನೆಯಲ್ಲೇ ಹುಟ್ಟಿ ಬೆಳೆದವಳು ನಾನು. ಬಾಯಿಗೆ ಹಾಕಿದ್ದರೆ ತಿಳಿಯುತ್ತಿತ್ತು. ಈಗಲೂ ಕೆಲವು ಸಲ ಊಟದ ತಟ್ಟೆಯ ಮುಂದೆ ಆ ಕೈ ಕಾಣುತ್ತದೆ.

ಒಂದು ತಾಸು ಆಗಿರಲಿಲ್ಲ, ಮಂಗಲ ಮಗುವನ್ನು ಎತ್ತಿಕೊಂಡು ನಾವು ಕುಳಿತಿದ್ದಲ್ಲಿಗೆ ಓಡಿ ಬಂದಳು. ಸೋನಿಯ ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಚಳಿಯಲ್ಲೂ ಮೈ ಬೆವೆತು ಅಂಗಿ ತೊಯ್ದಿತ್ತು. ಕೈಕಾಲು ಸಣ್ಣಗೆ ಅದುರುತ್ತಿದ್ದವು. ಪಕ್ಕದ ಹೊಲದವರ ಜೀಪಿನಲ್ಲಿ ಅಪ್ಪ, ನಾನು, ಮಂಗಲ ಅಥಣಿಗೆ ಹೋದೆವು. ದಾರಿಯಲ್ಲೇ ನನಗೆ ಗೊತ್ತಾಗಿತ್ತು. ಯಾವ ಸಾಲಿನಿಂದ ಕಿತ್ತೆ ಎಂದು ಮಂಗಲಳನ್ನು ಒಂದು ಮಾತು ಕೇಳಲಿಲ್ಲ, ಕೇಳಿದರೆ ಉತ್ತರ ಬರುತ್ತದೆ ಎಂಬ ಹೆದರಿಕೆಗೆ.

ಆಸ್ಪತ್ರೆಯಲ್ಲಿ ಅಪ್ಪ ಚೀಟಿ ಮಾಡಿಸಲು ನಿಂತ. ನಾವಿಬ್ಬರೂ ಮಗುವಿನ ಜೊತೆ ಒಳಗೆ ಹೋದೆವು. ಹಬ್ಬದ ದಿನ, ಇದ್ದದ್ದು ಒಬ್ಬರೇ ಡಾಕ್ಟರು, ದಕ್ಷಿಣದ ಕಡೆಯಿಂದ ಹೊಸದಾಗಿ ಬಂದವರು, ಮರಾಠಿ ಬರುತ್ತಿರಲಿಲ್ಲ. ಏನು ತಿಂದಿದೆ ಎಂದು ಕೇಳಿದರು, ನಾನು ಅದನ್ನು ಮರಾಠಿಯಲ್ಲಿ ಕೇಳಿದೆ. ಮಂಗಲ ಹೇಳಿದಳು, ಪಲ್ಲೆ ತಿಂದಿದ್ದಾಳೆ, ಹಸಿ ಪಲ್ಲೆ, ತೋಟದ್ದು. ಡಾಕ್ಟರು ನನ್ನ ಮುಖ ನೋಡಿದರು. ಎರಡೂ ಭಾಷೆ ಬರುತ್ತಿದ್ದದ್ದು ಅಲ್ಲಿ ನನಗೊಬ್ಬಳಿಗೇ.

"ಏನೋ ಹಬ್ಬದ ಊಟ ಉಂಡಾಳಂತ್ರಿ," ಎಂದೆ.

ಅಪ್ಪನ ಮೇಲೆ ಕೇಸು ಆದೀತೆಂದು ಹಾಗೆ ಹೇಳಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಆ ಹೊತ್ತಿನಲ್ಲಿ ಅಪ್ಪ ನನ್ನ ನೆನಪಿಗೇ ಬಂದಿರಲಿಲ್ಲ. ಕಣ್ಣ ಮುಂದೆ ಬಂದದ್ದು ಕಟ್ಟು ಹಾಕಿಸಿದ ಆ ಫೋಟೋ.

ಮಂಗಲ ನನ್ನ ಮಾತು ಮುಗಿಯುವುದನ್ನೇ ಕಾದು ತಲೆಯಾಡಿಸಿದಳು. ನಾನು ಸರಿಯಾಗಿ ಹೇಳುತ್ತಿದ್ದೇನೆ ಎಂದು ನಂಬಿದ್ದಳು. ಡಾಕ್ಟರು ಏನೋ ಬರೆದುಕೊಂಡರು, ಸಲಾಯಿನ್ ಹಚ್ಚಲು ಹೊರಟರು. ಮಗು ವಾಂತಿ ಮಾಡಿತು. ಅವರು ಬಗ್ಗಿ ಮೂಸಿ, ಬೆಳ್ಳುಳ್ಳಿ ತಿಂದಿತ್ತೇ ಎಂದು ಕೇಳಿದರು. ಹೌದ್ರಿ, ಬೆಳ್ಳುಳ್ಳಿ ಖಾರ ತಿಂದಿತ್ತು ಎಂದು ನಾನು ಗಡಬಡಿಸಿ ಹೇಳಿದೆ. ಅದು ನಿಜವೂ ಆಗಿತ್ತು, ನನಗೆ ಒಂದು ಕ್ಷಣ ಜೀವ ಬಂದಂತಾಯಿತು. ಅವರು ಮಗುವಿನ ರೆಪ್ಪೆ ಎತ್ತಿ ಬ್ಯಾಟರಿ ಹಿಡಿದು ನೋಡಿದರು. ಕಣ್ಣ ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು.

"ಇದು ಅಡುಗೆ ಬೆಳ್ಳುಳ್ಳಿ ವಾಸನೆ ಅಲ್ಲಮ್ಮ," ಎಂದರು. "ಹುಳದ ಔಷಧಕ್ಕೂ ಇದೇ ವಾಸನೆ. ತೋಟಕ್ಕೆ ಏನು ಹೊಡೆದಿದ್ದೀರಿ?"

ಅಷ್ಟರಲ್ಲಿ ಅಪ್ಪ ಒಳಗೆ ಬಂದ. ಕೇಳಿದ ಕೂಡಲೇ ಔಷಧದ ಹೆಸರು, ಹೊಡೆದ ದಿನ, ಎಲ್ಲ ಹೇಳಿದ. ಮಂಗಲಳಿಗೆ ಎಲ್ಲಿಂದ ಕಿತ್ತೆ ಎಂದು ಮರಾಠಿಯಲ್ಲಿ ಕೇಳಿದ. ಅವಳು ಹೇಳಿದ್ದು ಒಂದೇ ಮಾತು. "ದೇವಾಚಿ ಜಾಗಾ ವಾಟ್ಲಿ, ದಾದಾ." ಹಬ್ಬದ ದಿನ ಹೊಲದ ಮೂಲೆಯ ಕಂಬಕ್ಕೆ ಕೆಂಪು ಬಟ್ಟೆ ಉಡಿಸಿದ್ದು ಕಂಡು, ನಾವು ದೇವರನ್ನು ಕೂಡ್ರಿಸಿದ್ದೇವೆ ಎಂದು ತಿಳಿದಿದ್ದಳು. ದೇವರ ಜಾಗದ ಪಲ್ಲೆ, ಮಗುವಿಗೆ ಒಳ್ಳೆಯದಾಗುತ್ತದೆ ಎಂದು ಬೇರೆ ಸಾಲು ಬಿಟ್ಟು ಅಲ್ಲಿಯೇ ಕಿತ್ತಿದ್ದಳು.

ನನ್ನ ಸುಳ್ಳಿಗೂ ಅಪ್ಪ ಬಂದದ್ದಕ್ಕೂ ನಡುವೆ ಎಷ್ಟು ಹೊತ್ತು ಹೋಯಿತೋ. ಹತ್ತು ನಿಮಿಷವೆಂದು ಒಂದೊಂದು ದಿನ ಅನ್ನಿಸುತ್ತದೆ, ಇನ್ನೂ ಹೆಚ್ಚು ಎಂದು ಒಂದೊಂದು ದಿನ. ಆಮೇಲೆ ಇಂಜೆಕ್ಷನ್ನಿನ ಮೇಲೆ ಇಂಜೆಕ್ಷನ್ ಕೊಟ್ಟರು. ಉಸಿರಿನ ಯಂತ್ರ ಬೇಕು, ಮಿರಜಿಗೆ ಒಯ್ಯಿರಿ ಎಂದರು. ಅಂಬುಲೆನ್ಸ್ ಬಾಗಿಲು ಹಾಕುವ ಮೊದಲು ಮಂಗಲ ನನ್ನ ಕಡೆ ತಿರುಗಿ ಕೈ ಮುಗಿದಳು. ಜೊತೆಗೆ ಬಂದು ಭಾಷೆ ಹೇಳಿದ್ದಕ್ಕೆ.

ಮರುದಿನ ಬೆಳಿಗ್ಗೆ ಪಡಕ್ಕೆ ಹೋದೆ. ಮೂಲೆಯ ಕಂಬದ ಬುಡದಲ್ಲಿ ಅರಿಸಿನ ಕುಂಕುಮ ಇತ್ತು. ಒಂದು ಚೂರು ರೊಟ್ಟಿಯ ಮೇಲೆ ಸ್ವಲ್ಪ ಬೆಲ್ಲ ಇಟ್ಟಿದ್ದಳು, ಇರುವೆ ಮುತ್ತಿದ್ದವು. ಅದರ ಸುತ್ತ ಹತ್ತರಕಿಯನ್ನು ಅಚ್ಚುಕಟ್ಟಾಗಿ ಉಗುರಿನಿಂದ ಚಿವುಟಿದ ಗುರುತು. ಬೇರು ಕಿತ್ತಿರಲಿಲ್ಲ, ಮತ್ತೆ ಚಿಗುರಲಿ ಎಂದು. ಅದನ್ನು ಅವಳಿಗೆ ಕಲಿಸಿದವಳೂ ನಾನೇ. ಮಧ್ಯಾಹ್ನ ಕಾಲೇಜಿನಿಂದ ಬರುವಷ್ಟರಲ್ಲಿ ಬಯಲು ಖಾಲಿಯಾಗಿತ್ತು. ತನಿಖೆ ಗಿನಿಖೆ ಎಂದು ಕೆಲಸ ನಿಂತೀತೆಂದು ಅವರನ್ನು ಕರೆತಂದಿದ್ದ ಮುಕಾದಮ ಇಡೀ ಗ್ಯಾಂಗನ್ನು ಟ್ರ್ಯಾಕ್ಟರಿಗೆ ಹತ್ತಿಸಿಕೊಂಡು ಹೋಗಿದ್ದ. ರಾಯಬಾಗದ ಕಡೆ, ಅಲಖನೂರಿನ ಹತ್ತಿರ ಎಂದರು ಕೆಲವರು. ಅಪ್ಪ ಹೋಗಿ ವಿಚಾರಿಸಿದರೆ ಅಲ್ಲಿ ಆ ಜನ ಇರಲಿಲ್ಲ. ಮುಕಾದಮನ ಫೋನು ಬಂದ್ ಆಗಿತ್ತು. ಬಯಲಿನಲ್ಲಿ ಒಲೆಯ ಕಲ್ಲುಗಳು ಉಳಿದಿದ್ದವು. ನನ್ನ ಚಾರ್ಟು ಮುಳ್ಳಿಗೆ ಸಿಕ್ಕಿ ಹರಿದಿತ್ತು.

ಮೂರನೆಯ ದಿನ ಅಪ್ಪ ಮಿರಜಿಗೆ ಹೋದ. ಸಂಜೆ ಬಂದವನು ಕಾಲು ತೊಳೆದುಕೊಳ್ಳುತ್ತ, ನನ್ನ ಕಡೆ ನೋಡದೆ, "ಚಲೋ ಅದಾಳ. ಊರಿಗೆ ಕರ್ಕೊಂಡ ಹೋಗ್ಯಾರ," ಎಂದ. ಅವ್ವ ದೇವರಿಗೆ ದೀಪ ಹಚ್ಚಿದಳು.

ಆ ಒಂದು ಮಾತಿನ ಮೇಲೆ ನಾನು ಬದುಕಿದ್ದೇನೆ. ಜನವರಿಯಲ್ಲಿ ಕಾಲೇಜಿನವರು ಬಹುಮಾನ ಕೊಟ್ಟರು, ಬೇಡವೆನ್ನಲು ಕಾರಣ ಹೇಳಬೇಕಾಗುತ್ತದೆ ಎಂದು ಹೋಗಿ ಇಸಿದುಕೊಂಡೆ. ಪರೀಕ್ಷೆ ಪಾಸಾದೆ, ಬಿಎಸ್ಸಿ, ಬಿಎಡ್ ಮುಗಿಸಿ ನೌಕರಿ ಹಿಡಿದೆ. ಪ್ರತಿ ವರ್ಷ ಕಬ್ಬಿನ ಸೀಜನ್ನಿಗೆ ಊರಿಗೆ ಬಂದು, ಯಾವ ಗ್ಯಾಂಗು ಬಂದಿದ್ದರೂ ಅವರ ಗುಡಿಸಲುಗಳಿಗೆ ಹೋಗಿ ಕೆಂಪು ಬಟ್ಟೆಯ ತುಂಡು ತೋರಿಸಿ ಹೇಳಿ ಬರುತ್ತೇನೆ. ಹಿಂದೆ ಒಂದು ಹುಡುಗಿಗೆ ಹೀಗಾಗಿತ್ತು ಎನ್ನುತ್ತೇನೆ. ಉಳಿದಳೇ ಎಂದು ಕೇಳುತ್ತಾರೆ. ಉಳಿದಳು ಎನ್ನುತ್ತೇನೆ. ಈಗ ಶಾಲೆಯಲ್ಲಿ ಮೂರನೆಯ ಇಯತ್ತೆ, ಈಗ ಏಳನೆಯದು ಎಂದು ಲೆಕ್ಕ ಹಾಕಿ ಹೇಳುತ್ತ ಬಂದಿದ್ದೇನೆ. ಒಂದು ವರ್ಷ ಆ ಕಥೆಯಲ್ಲಿ ಅವಳಿಗೆ ಸೈಕಲ್ಲನ್ನೂ ಕೊಟ್ಟಿದ್ದೆ.

ಹೋದ ವಾರ ಅಪ್ಪ ಪಡದ ಮೂಲೆಯಲ್ಲಿ ಬಟ್ಟೆ ಕಟ್ಟುತ್ತಿದ್ದ. ಆಯಿಯ ಸೀರೆ ಎಂದೋ ಮುಗಿದು, ಈಗ ಅಂಗಡಿಯಿಂದ ತಂದ ಬಟ್ಟೆ. ಸೋನಿಗೆ ಈ ವರ್ಷ ಹದಿನಾರು ತುಂಬುತ್ತದೆ ನೋಡು ಎಂದೆ. ಆಗ ನನಗಿದ್ದ ವಯಸ್ಸು ಎಂದು ನಕ್ಕೆ. ಅಪ್ಪ ಗಂಟು ಹಾಕುವುದನ್ನು ಅರ್ಧಕ್ಕೆ ನಿಲ್ಲಿಸಿದ.

"ನಾ ಒಳಗ ಹೋಗಿರಲಿಲ್ಲ ಯವ್ವಾ," ಎಂದ.

ಎಲ್ಲಿಗೆ ಎಂದು ನಾನು ಕೇಳಬೇಕಾಗಿರಲಿಲ್ಲ.

"ಮಿರಜಿನ ದವಾಖಾನಿ ಗೇಟಿನ ತನಾ ಹೋಗಿದ್ದೆ. ಒಳಗ ಏನ ಹೇಳ್ತಾರೋ ಅಂತ ಕಾಲ ಏಳಲಿಲ್ಲ. ಚಾದ ಅಂಗಡ್ಯಾಗ ಕುಂತು ಸಂಜಿಗೆ ಬಂದೆ. ನೀ ಊಟಾ ಬಿಟ್ಟಿದ್ದಿ."

ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಅವನು ಒಂದು ಆಸ್ಪತ್ರೆಯ ಗೇಟಿನ ಹೊರಗೆ ನಿಂತ, ನಾನು ಇನ್ನೊಂದರ ಒಳಗೆ ನಿಂತು ಸುಳ್ಳು ಹೇಳಿದೆ. ನನ್ನದನ್ನು ಅವನಿಗೆ ಆಗಲೂ ಹೇಳಲಾಗಲಿಲ್ಲ, ಇಲ್ಲಿ ಬರೆದಿದ್ದೇನೆ. ಬಟ್ಟೆಯ ಇನ್ನೊಂದು ತುದಿ ಹಿಡಿದುಕೊಂಡೆ, ಅವನು ಗಂಟು ಬಿಗಿದ.

ಸಂಜೆ ಬಿಸಿಲಿರುವಾಗಲೇ ಗುಡಿಸಲುಗಳ ಕಡೆ ಹೋದೆ. ಒಬ್ಬಳು ಒಲೆಯ ಮುಂದೆ ಕುಳಿತು ಹತ್ತರಕಿ ಸೂಡು ಬಿಚ್ಚುತ್ತಿದ್ದಳು. ಪಕ್ಕದಲ್ಲಿ ಮಗು. ಪಲ್ಲೆ ಎಲ್ಲಿಯದು ಎಂದು ಕೇಳಿದೆ. ಕಾಲುವೆ ದಂಡೆಯದು, ಆ ಕಡೆ ಯಾರೂ ಔಷಧ ಹೊಡೆಯುವುದಿಲ್ಲ. ಬಟ್ಟೆಯ ತುಂಡು ತೋರಿಸಿ, ಇದು ಕಟ್ಟಿದ ಕಡೆ ಹೋಗಬೇಡಿ, ಇದು ದೇವರದಲ್ಲ ಎಂದು ಮರಾಠಿಯಲ್ಲಿ ಹೇಳಿದೆ. ಒಂದು ಹುಡುಗಿಯ ಕಥೆ ಹೇಳಿದೆ. ಅವಳೂ ಎಲ್ಲರ ಹಾಗೆ ಕೇಳಿದಳು, ಆ ಹುಡುಗಿ ಉಳಿದಳೇ ಎಂದು.

"ಮಾಹೀತ್ ನಾಹೀ," ಎಂದೆ. ಗೊತ್ತಿಲ್ಲ.

ಅವಳು ನನ್ನ ಮುಖವನ್ನು ನೋಡಿದಳು. ಆಮೇಲೆ ಎದ್ದು, ಪಲ್ಲೆಯನ್ನೆಲ್ಲ ಸೆರಗಿನಲ್ಲಿ ಬಳಿದುಕೊಂಡು ಹೋಗಿ ರಸ್ತೆಯ ಆಚೆ ಚೆಲ್ಲಿದಳು. ಅದು ಕಾಲುವೆ ದಂಡೆಯದು, ಒಳ್ಳೆಯದೇ, ಮಗುವಿಗೆ ಕೊಡು ಎಂದು ಹೇಳಬೇಕೆಂದು ಬಾಯಿ ತೆರೆದೆ. ಹೇಳದೆ ಬಟ್ಟೆಯ ತುಂಡನ್ನು ಮಡಿಸಿಕೊಂಡೆ. ಅವಳು ತಿರುಗಿ ಬಂದು ಮಗುವಿನ ಎರಡೂ ಕೈಗಳನ್ನು ಹಿಡಿದು ತೊಳೆಯತೊಡಗಿದಳು.